ಅಪ್ಪನ ಮುದ್ದೆ ಕೋಲು

ಯುದ್ಧದ ಸಾಮಾನುಗಳನ್ನು ನೋಡುವುದಕ್ಕೆಂದೇ ಜನ ದೇಶ ದೇಶ ಸುತ್ತುತ್ತಾರೆ ಎಂಬುದು ನನಗೆ ಅರವತ್ತು ದಾಟುವವರೆಗೂ ಗೊತ್ತಿರಲಿಲ್ಲ. ನಾನು ಕೆಂಪಾಜಮ್ಮ, ಬಸ್‌ಸ್ಟ್ಯಾಂಡಿನ ಹಿಂದೆ ಮುದ್ದೆ ಹೋಟೆಲು ನಡೆಸುವವಳು. ನಾನು ಕಂಡ ಯುದ್ಧವೆಂದರೆ ಮಧ್ಯಾಹ್ನ ಒಂದೂವರೆಗೆ ಎರಡು ಬಸ್ಸು ಒಟ್ಟಿಗೆ ಬಂದು ನಿಂತಾಗ ನಡೆಯುವುದು, ಅಷ್ಟೆ. ಅಂಥವಳು ಸಮುದ್ರ ದಾಟಿ ಹೋಗಿ ಯುದ್ಧದ ಮ್ಯೂಸಿಯಮ್ಮಿನ ಅಂಗಳದಲ್ಲಿ ಒಲೆ ಹೂಡಿ ಬಂದೆ ಎಂದರೆ ನಮ್ಮ ಹೋಟೆಲಿಗೆ ಬರುವ ಕಂಡಕ್ಟರುಗಳು ಇವತ್ತಿಗೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ಮುದ್ದೆಯನ್ನಂತೂ ನಂಬಿ ಉಣ್ಣುತ್ತಾರಲ್ಲ.

ಹೋಗಿದ್ದು ಹೀಗೆ. ನಮ್ಮ ಪಕ್ಕದ ಬೀದಿಯ ದ್ಯಾವೀರಪ್ಪನ ತಮಟೆ ತಂಡವನ್ನು ಹೊರದೇಶದವರು ಕುಣಿತದ ಹಬ್ಬಕ್ಕೆ ಕರೆದಿದ್ದರು. ಹಿಂದಿನ ಸಲ ಹೋದಾಗ ಇವರೆಲ್ಲ ಬ್ರೆಡ್ಡು ತಿಂದು ತಿಂದು ಸೊರಗಿ, ಕೊನೆಯ ದಿನ ತಮಟೆ ಎತ್ತಲೂ ಆಗದೆ ನಿಂತಿದ್ದರಂತೆ. ಹಾಗಾಗಿ ಈ ಸಲ ಅಡುಗೆಗೆ ನಾನು, ನನ್ನ ಜೊತೆಗೆ ಎರಡು ಮೂಟೆ ರಾಗಿಹಿಟ್ಟು. ಮೊದಲು ನಾನು ಆಗುವುದಿಲ್ಲ ಎಂದುಬಿಟ್ಟೆ. ಆಮೇಲೆ ದ್ಯಾವೀರ ತಾವು ಹೋಗುವ ಊರುಗಳ ಹೆಸರನ್ನು ಒಂದೊಂದಾಗಿ ಓದಿದ. ಐದನೆಯ ಹೆಸರು ಕಿವಿಗೆ ಬಿದ್ದದ್ದೇ ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವ್ವನ ಟ್ರಂಕಿನ ತಳದಲ್ಲಿದ್ದ ಸರ್ಕಾರಿ ಕಾಗದದಲ್ಲಿ ಇದ್ದದ್ದು ಅದೇ ಹೆಸರು, ಅಪ್ಪ ಸತ್ತ ಊರು. ಆ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ನಕ್ಷೆಯಲ್ಲಿ ಹುಡುಕುತ್ತೀರಿ, ಸಿಗುವುದಿಲ್ಲ, ಆಮೇಲೆ ನನ್ನನ್ನೇ ಸುಳ್ಳಿ ಎನ್ನುತ್ತೀರಿ.

ಅಪ್ಪನ ಹೆಸರು ಈರಕ್ಯಾತಪ್ಪ. ದೊಡ್ಡ ಯುದ್ಧಕ್ಕೆ ಜನ ಬೇಕೆಂದು ಡಂಗುರ ಹೊಡೆಸಿದಾಗ ಅವನು ಹೋದದ್ದು ಬಂದೂಕು ಹಿಡಿಯಲು ಅಲ್ಲ, ನಮ್ಮ ಕಡೆಯ ಸಿಪಾಯಿಗಳಿಗೆ ಮುದ್ದೆ ಬೇಯಿಸಲು. ಹೋಗುವಾಗ ಮನೆಯ ಮುದ್ದೆ ಕೋಲನ್ನೂ ಹೆಗಲ ಮೇಲೆ ಇಟ್ಟುಕೊಂಡು ಹೋದ. "ಸರ್ಕಾರದೋರು ಕೊಡೋ ಕೋಲು ನನ್ನ ಕೈಗೆ ಕೂರಾಕಿಲ್ಲ" ಅಂದನಂತೆ. ಅವನು ಎಡಚ. ಹಿಟ್ಟು ತೊಳಸುವಾಗ ಎಲ್ಲರೂ ಒಂದು ಕಡೆಗೆ ತಿರುಗಿಸಿದರೆ ಅವನು ಇನ್ನೊಂದು ಕಡೆಗೆ ತಿರುಗಿಸುವವನು, ಅದಕ್ಕೇ ಅವನ ಕೋಲಿನ ತುದಿ ಬೇರೆಯವರ ಕೋಲಿನ ಹಾಗಲ್ಲದೆ ತಿರುಗಾಮುರುಗಾ ಸವೆದಿತ್ತು. ಉಣ್ಣುವುದೂ ಎಡಗೈಯಲ್ಲೇ. ಅಜ್ಜಿ ಪ್ರತಿ ಊಟಕ್ಕೂ "ಥೂ, ಬಲಗೈಲಿ ಉಣ್ಣೋ ಮೂದೇವಿ" ಎಂದು ಬೈಯುತ್ತಿದ್ದಳು, ಅವನು ಪ್ರತಿ ಊಟಕ್ಕೂ ನಗುತ್ತಿದ್ದ.

ಆಗ ನನಗೆ ಆರು ವರ್ಷ. ಮುದ್ದೆ ಕಟ್ಟಿ ಮುಗಿಸಿದ ಮೇಲೆ ಅಪ್ಪ ಪಾತ್ರೆಯ ತಳಕ್ಕೆ ಹತ್ತಿದ ಸೀಕನ್ನು ಕೆರೆದು, ಉಂಡೆ ಮಾಡಿ, ಹಿಂತಿರುಗಿಯೂ ನೋಡದೆ ಎಡಗೈಯನ್ನು ಹಿಂದಕ್ಕೆ ಚಾಚುತ್ತಿದ್ದ. ನಾನು ಒಲೆಯ ಪಕ್ಕ ಕಾದು ಕೂತಿರುತ್ತೇನೆ ಎಂದು ಅವನಿಗೆ ಗೊತ್ತಿರುತ್ತಿತ್ತು. ಆ ಸುಟ್ಟ ವಾಸನೆಯ ಗರಿಗರಿ ಸೀಕು ಇನ್ನೂ ನಾಲಿಗೆಯ ಮೇಲಿದೆ. ಅಪ್ಪನ ಮುಖ ನೆನಪಿಲ್ಲ, ಆ ಕೈ ಮಾತ್ರ ನೆನಪಿದೆ.

ಅವ್ವ ಸಾಯುವವರೆಗೂ ಒಂದೇ ಮಾತು ಹೇಳುತ್ತಿದ್ದಳು. "ಹೋದೋನು ಹೋದ, ಕೋಲನ್ನಾದ್ರೂ ಬಿಟ್ಟು ಹೋಗಬಾರದಿತ್ತಾ? ನಾನು ತಂತಿ ಸುತ್ತಿದ್ ಕೋಲು." ಹಿಡಿ ಸೀಳು ಬಿಟ್ಟಾಗ ತಾಮ್ರದ ತಂತಿ ಸುತ್ತಿ ಬಿಗಿದವಳು ಅವಳೇ. ನಗುತ್ತ ಹೇಳುತ್ತಿದ್ದಳು, ಹೇಳಿ ಮುಗಿಸುವಷ್ಟರಲ್ಲಿ ಸೆರಗು ಕಣ್ಣಿಗೆ ಹೋಗಿರುತ್ತಿತ್ತು. ವಿಮಾನ ಹತ್ತುವಾಗ ನನ್ನ ಮನಸ್ಸಿನಲ್ಲಿದ್ದದ್ದು ಅದೊಂದೇ, ಸಿಕ್ಕರೆ ಆ ಕೋಲನ್ನು ಮನೆಗೆ ತರಬೇಕು.

ಆ ಊರಿಗೆ ಕಾಲಿಟ್ಟ ಬೆಳಿಗ್ಗೆ ಬೀದಿಯಲ್ಲಿ ಜನ ಸಾಲಾಗಿ ಒಂದೇ ಕಡೆಗೆ ಹೋಗುತ್ತಿದ್ದರು. ಸಂತೆಯೇನೋ ಅಂದುಕೊಂಡೆ. ಎಲ್ಲರೂ ಮ್ಯೂಸಿಯಮ್ಮಿಗೆ ಹೊರಟವರು. ಅಲ್ಲಿ ಗಾಜಿನ ಪೆಟ್ಟಿಗೆಗಳಿಲ್ಲ. ಅಲ್ಲಿನ ಸಾಮಾನುಗಳನ್ನು ಬಳಸದೆ ಇಟ್ಟರೆ ದಿನದಿಂದ ದಿನಕ್ಕೆ ಭಾರವಾಗುತ್ತವೆ, ಬಳಸಿದರೆ ಹಗುರಾಗುತ್ತವೆ. ಹೇಗೆಂದರೆ ಹಾಗೆ ಬಳಸಿದರೆ ಆಗದು. ಆ ಸಾಮಾನು ತನ್ನ ಕಾಲದಲ್ಲಿ ಯಾವ ಕೆಲಸ ಮಾಡಿತ್ತೋ ಅದೇ ಕೆಲಸವನ್ನು ಮಾಡಿಸಬೇಕು. ಏಕೆ ಹೀಗೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ನಾವು ಬೆಳಿಗ್ಗೆ ಎದ್ದು ಹಾಲಿಗೆ ಹೋಗುವ ಹಾಗೆ ಅವರು ಪಾಳಿಯ ಮೇಲೆ ಹೋಗಿ ಬರುತ್ತಾರೆ.

ಬ್ರೆಡ್ಡಿನ ಅಂಗಡಿಯವನೊಬ್ಬ ಸತ್ತ ಸಿಪಾಯಿಯ ಬೂಟು ಹಾಕಿಕೊಂಡು ಅಂಗಳವನ್ನು ಮೂರು ಸುತ್ತು ಹಾಕುತ್ತಿದ್ದ. ಬೂಟು ಚಿಕ್ಕದು, ಪಾಪ, ಕುಂಟುತ್ತಿದ್ದ. ಇನ್ನೊಬ್ಬ ಯಾರದೋ ಕ್ಷೌರದ ಕತ್ತಿಯಿಂದ ಗಡ್ಡ ಹೆರೆದುಕೊಳ್ಳುತ್ತಿದ್ದ. ಶಾಲೆಯ ಟೀಚರಮ್ಮ ಯಾರದೋ ಕನ್ನಡಕ ಏರಿಸಿ ಪೇಪರು ಓದುತ್ತಿದ್ದಳು. ಒಂದು ಮೂಲೆಯಲ್ಲಿ ಒಬ್ಬಾಕೆ ಒಂದು ಹಳೆಯ ಕಾಗದವನ್ನು ಗಟ್ಟಿಯಾಗಿ ಓದುತ್ತಿದ್ದಳು. ಏನು ಓದುತ್ತಿದ್ದಾಳೆ ಎಂದು ದ್ಯಾವೀರನನ್ನು ಕೇಳಿದೆ. ಅವನು ಬಿ.ಎ. ಮಾಡಿದವನು, ಇಂಗ್ಲಿಷು ಬರುತ್ತದೆ, ಪಕ್ಕದವರ ಹತ್ತಿರ ವಿಚಾರಿಸಿಕೊಂಡು ಹೇಳಿದ. "ಯಾವ್ದೋ ತಾಯಿ ಮಗನಿಗೆ ಬರೆದದ್ದಂತೆ ಕಣಕ್ಕ. ಕಾಲುಚೀಲ ಕಳಿಸಿವ್ನಿ, ಹಾಕ್ಕಳಪ್ಪ, ಚಳೀಲಿ ನಿಲ್ಲಬ್ಯಾಡ ಅಂತ. ಈ ಯಮ್ಮ ಹನ್ನೊಂದು ವರ್ಷದಿಂದ ದಿನಾ ಓದ್ತಾವ್ಳಂತೆ." ಹನ್ನೊಂದು ವರ್ಷ ಓದಿದವಳೂ ಕಾಲುಚೀಲದ ಹತ್ತಿರ ಬಂದಾಗ ಒಮ್ಮೆ ನಿಲ್ಲಿಸಿ, ಕಾಗದವನ್ನು ಅಂಗೈಯಿಂದ ಸವರಿ ಮುಂದೆ ಓದುತ್ತಿದ್ದಳು.

ಅದೇ ಹೊತ್ತಿಗೆ ಎದುರಿನ ಗೋಡೆ ಕಣ್ಣಿಗೆ ಬಿತ್ತು. ಅದರ ತುಂಬ ಹೆಸರು, ಪ್ರತಿ ಹೆಸರಿನ ಪಕ್ಕ ವಯಸ್ಸು. ನಲವತ್ತೊಂದು, ಎಪ್ಪತ್ತು, ನಾಲ್ಕು, ಹನ್ನೆರಡು. ಅಂಕಿ ಓದಲು ಯಾರ ಸಹಾಯವೂ ಬೇಕಾಗಲಿಲ್ಲ. ಅವರೆಲ್ಲ ಆ ಊರಿನ ಜನ, ನಮ್ಮಪ್ಪನಿದ್ದ ಪಡೆಯ ಗುಂಡಿಗೆ ಸತ್ತವರು ಎಂದು ದ್ಯಾವೀರ ಹೇಳಿದ. ಪಕ್ಕದಲ್ಲೇ ಒಂದು ಫೋಟೋದಲ್ಲಿ ನಮ್ಮ ಕಡೆಯ ಸಿಪಾಯಿಗಳು ಹಿಮದಲ್ಲಿ ನಡುಗುತ್ತ ನಿಂತಿದ್ದರು. ಅವರನ್ನು ಕಂಡು ಅಯ್ಯೋ ಎನ್ನಿಸಿತು, ಗೋಡೆ ಕಂಡು ನಾಚಿಕೆಯಾಯಿತು, ಯಾರ ಪರವಾಗಿ ಅಳಬೇಕೆಂದೇ ತಿಳಿಯಲಿಲ್ಲ. ನಾನೇಕಾದರೂ ಇಲ್ಲಿಗೆ ಬಂದೆನಪ್ಪಾ ಎಂದು ಹೊರಗೆ ಹೋಗಲು ತಿರುಗಿದೆ.

ಹಾಗೆ ತಿರುಗಿ ತಪ್ಪು ಬಾಗಿಲಿಗೆ ನುಗ್ಗಿದೆ. ಅದು ಆಯುಧಗಳ ಕೋಣೆ. ಹೆಸರಿಗೆ ಆಯುಧಗಳ ಕೋಣೆ, ನೋಡಿದರೆ ನಡುವೆ ಒಂದು ದೊಡ್ಡ ಗುಂಡಿ, ಸುತ್ತ ಕಂಬಿ. ಯುದ್ಧ ಮುಗಿದ ದಿನವೇ ಆ ಊರಿನವರು ಆಯುಧಗಳನ್ನು ಯಾರೂ ಬಳಸಕೂಡದೆಂದು ಕಟ್ಟಳೆ ಮಾಡಿಕೊಂಡರಂತೆ. ಬಂದೂಕುಗಳು ವರ್ಷ ವರ್ಷ ಭಾರವಾಗುತ್ತ ಹೋಗಿ, ನೆಲದ ಕಲ್ಲು ಸೀಳಿ, ಒಂದೊಂದಾಗಿ ಭೂಮಿಯೊಳಕ್ಕೆ ಇಳಿದುಹೋದವಂತೆ. ಗುಂಡಿಯ ಅಂಚಿನಲ್ಲಿ ಒಂದೇ ಒಂದು ಸಾಮಾನು ಉಳಿದಿತ್ತು. ಮರದ್ದಾದ್ದರಿಂದ ನಿಧಾನವಾಗಿ ಭಾರವಾಗುತ್ತ, ಅರ್ಧ ಕಲ್ಲಿನೊಳಗೆ ಹೂತು, ಇನ್ನರ್ಧ ಓರೆಯಾಗಿ ಮೇಲೆ ನಿಂತಿತ್ತು.

ಮೂವತ್ತೈದು ವರ್ಷ ಹಿಟ್ಟು ತೊಳಸಿದವಳಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ತಲೆಕೆಳಗಾಗಿ ನಿಲ್ಲಿಸಿದ್ದರು. ಹಿಟ್ಟಿಗೆ ಹೋಗುವ ತುದಿ ಮೇಲೆ, ಹಿಡಿ ಕೆಳಗೆ. ಆ ತುದಿ ತಿರುಗಾಮುರುಗಾ ಸವೆದಿತ್ತು.

"ದ್ಯಾವೀರ, ಈ ಕಂಬಿಗೆ ಕಟ್ಟಿರೋ ಚೀಟೀಲಿ ಏನು ಬರೆದವ್ರೆ ಓದೋ" ಎಂದೆ. ಅವನು ಓದಿಕೊಂಡು ನನ್ನ ರಟ್ಟೆ ಹಿಡಿದು ಹೊರಗೆ ಎಳೆದ. "ಓದೋ ಅಂದ್ರೆ."

"ಶತ್ರು ಪಡೆಯ ಕಪ್ಪು ಸಿಪಾಯಿಗಳ ದೊಣ್ಣೆ. ಸೆರೆ ಸಿಕ್ಕಿದೋರನ್ನ ಬಡಿಯಕ್ಕೆ ಬಳಸ್ತಿದ್ದದ್ದು. ಅಂತ ಐತಕ್ಕ."

ನನಗೆ ಎಲ್ಲಿತ್ತೋ ಸಿಟ್ಟು. "ಯಾವನ್ಲಾ ಬರೆದೋನು? ಕರಿಯೋ ಅವನ್ನ!" ಎಂದು ಕೂಗಿದೆ. ಹೊರಗೆ ಬೂಟು ನಡೆಸುತ್ತಿದ್ದವನು ನಿಂತ, ಪೇಪರು ಓದುತ್ತಿದ್ದವಳು ಕನ್ನಡಕ ತೆಗೆದಳು. ಬಂದವಳು ಮ್ಯೂಸಿಯಮ್ಮು ನೋಡಿಕೊಳ್ಳುವ ಹೆಂಗಸು, ಮಿರೇನಾ ಎಂದು ಹೆಸರು. ನನಗಿಂತ ಎರಡು ವರ್ಷ ದೊಡ್ಡವಳಿರಬೇಕು. ಎತ್ತರದ ಆಳು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಅವಳು ಬಲಗೈಯಿಂದ ಗೊಂಚಲನ್ನು ಹಿಡಿದುಕೊಂಡು, ದನಿ ಎತ್ತದೆ ಇಂಗ್ಲಿಷಿನಲ್ಲಿ ಮಾತಾಡಿದಳು. ಅವಳು ಇಷ್ಟುದ್ದ ಹೇಳಿದ್ದನ್ನು ದ್ಯಾವೀರ ಚುಟುಕಾಗಿ ಹೇಳುತ್ತ ಹೋದ.

"ಈ ಯಮ್ಮನ ಅಪ್ಪ ಬರೆದದ್ದಂತೆ. ಶಿಬಿರದಲ್ಲಿ ಸಿಕ್ಕಿದಾಗ ಇದಕ್ಕೆ ಒಣಗಿದ ರಕ್ತ ಅಂಟ್ಕೊಂಡಿತ್ತಂತೆ."

"ರಕ್ತ ಅಲ್ಲ ಕಣಮ್ಮಾ, ರಾಗಿ! ರಾಗಿ ಹಿಟ್ಟು ಒಣಗಿದ್ರೆ ಹಂಗೇ ಕಾಣದು. ಇದು ಅಡುಗೆ ಕೋಲು. ನಮ್ಮಪ್ಪ ಅಡುಗೆಯೋನು."

ಮಿರೇನಾ ನನ್ನನ್ನೇ ನೋಡುತ್ತ ಹೇಳಿದ್ದನ್ನು ದ್ಯಾವೀರ ತಲೆ ತಗ್ಗಿಸಿ ಹೇಳಿದ. "ಆ ಕಡೆಯಿಂದ ಬರೋರೆಲ್ಲ ಹಿಂಗೇ ಹೇಳ್ತಾರಂತೆ. ನಮ್ಮಪ್ಪ ಅಡುಗೆ ಮಾಡ್ತಿದ್ದ, ನಮ್ಮಣ್ಣ ಗಾಡಿ ಹೊಡೀತಿದ್ದ, ನಮ್ಮಜ್ಜ ಕಾಗದ ಹಂಚ್ತಿದ್ದ. ಎಲ್ರೂ ಬರೀ ಇದನ್ನೇ ಮಾಡ್ತಿದ್ರೆ ಗೋಡೆ ಮೇಲಿರೋರನ್ನ ಕೊಂದೋರು ಯಾರು ಅಂತ ಕೇಳ್ತಾವ್ಳೆ."

ನಾನು ಬಾಗಿಲಾಚೆಯ ಗೋಡೆಯ ಕಡೆ ನೋಡಿದೆ.

ಅವಳೇ ಒಂದು ದಾರಿ ಹೇಳಿದಳು. ಇದು ಅಡುಗೆಯ ಕೋಲೇ ಆಗಿದ್ದರೆ ಎಲ್ಲರ ಮುಂದೆ ಅಡುಗೆ ಮಾಡಿ ತೋರಿಸಲಿ. ಹಗುರಾದರೆ ಚೀಟಿ ಹರಿದುಹಾಕುತ್ತೇನೆ, ಕೋಲನ್ನು ಇವರೇ ತೆಗೆದುಕೊಂಡು ಹೋಗಬಹುದು. ಹಗುರಾಗದಿದ್ದರೆ ಆ ಚೀಟಿಯ ಮೇಲೆ ಇವರ ಅಪ್ಪನ ಹೆಸರನ್ನೂ ಬರೆದಿಡುತ್ತೇನೆ.

ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಕೂಗಾಡುವಾಗ ಇದ್ದ ಧೈರ್ಯ ಎಲ್ಲಿ ಹೋಯಿತೋ. ಅಪ್ಪ ಆ ಊರಿನಲ್ಲಿ ಏನು ಮಾಡಿದ್ದನೋ ನನಗೇನು ಗೊತ್ತು? ಆರು ವರ್ಷದ ಹುಡುಗಿಗೆ ಗೊತ್ತಿದ್ದಷ್ಟೇ ಗೊತ್ತು. ಅಡುಗೆಯವನಿಗೂ ಯಾರೋ ದೊರೆ ಒಂದು ದಿನ, ಆ ಸೆರೆಯವನನ್ನು ನಾಲ್ಕು ಬಡಿ ಎಂದು ಹೇಳಿರಬಹುದು. ಕೈಯಲ್ಲಿದ್ದ ಕೋಲಿನಿಂದಲೇ ಅವನು ಬಡಿದಿರಬಹುದು. ಕೋಲು ಸುಳ್ಳು ಹೇಳುವುದಿಲ್ಲವಲ್ಲ. ಸುಮ್ಮನೆ ವಾಪಸು ಹೋದರೆ ಸೀಕು ಕೊಡುವ ಅಪ್ಪನಾದರೂ ನನಗೆ ಉಳಿಯುತ್ತಾನೆ ಅನ್ನಿಸಿತು.

"ಬ್ಯಾಡ ಬಿಡಕ್ಕ, ಸಂಜೆ ಕುಣಿತ ಐತೆ, ಹೋಗಾನ" ಎಂದ ದ್ಯಾವೀರ. ಅವನಿಗೂ ನನ್ನ ಭಯವೇ.

ಚೀಟಿಯ ಕಡೆ ನೋಡಿದೆ. ಇನ್ನು ನಾಲ್ಕಾರು ವರ್ಷಕ್ಕೆ ಕೋಲು ಬಂದೂಕುಗಳ ಜೊತೆ ಭೂಮಿಯೊಳಗೆ ಹೋಗುತ್ತದೆ, ಆಮೇಲೆ ಉಳಿಯುವುದು ಆ ಚೀಟಿ ಒಂದೇ. ಅವ್ವ ನೆನಪಾದಳು.

"ತಮಟೆ ಕಾಯಿಸಕ್ಕೆ ತಂದಿರೋ ಸೌದೆ ಐತಲ್ಲ, ಇಳಿಸು" ಎಂದೆ. "ದೊಡ್ಡ ಪಾತ್ರೆ ತಾ. ಒಂದು ಮೂಟೆ ಬಿಚ್ಚು."

ಅಂಗಳದಲ್ಲಿ ಮೂರು ಮೂರು ಕಲ್ಲಿಟ್ಟು ಎರಡು ಒಲೆ ಹೂಡಿದೆ. ಒಂದು ಕಡೆ ಹುರುಳಿಕಾಳಿನ ಸಾರು ಕುದಿಯಲು ಇಟ್ಟು, ಇನ್ನೊಂದು ಕಡೆ ಎಸರಿಗೆ ಹಿಟ್ಟು ಸುರಿದೆ. ರಾಗಿ ಬೇಯುವ ವಾಸನೆ ಆ ಊರಿನ ಚಳಿಗಾಳಿಯಲ್ಲಿ ಎದ್ದಾಗ ನನಗೆ ನಮ್ಮ ಹಳೆಯ ಅಡುಗೆಮನೆಯೇ ಕಣ್ಣ ಮುಂದೆ ಬಂತು. ಪಾಳಿ ಮುಗಿಸಿದವರು ಯಾರೂ ಮನೆಗೆ ಹೋಗಲಿಲ್ಲ, ನಲವತ್ತು ಐವತ್ತು ಜನ ಸುತ್ತ ನಿಂತರು. ಮಿರೇನಾ ಕೈಕಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಆಮೇಲೆ ಕಷ್ಟ ಶುರುವಾಯಿತು. ಕೋಲು ಕಲ್ಲಿನಲ್ಲಿ ಹೂತಿದೆ, ಎತ್ತಿ ಪಾತ್ರೆಗೆ ಹಾಕುವುದು ಹೇಗೆ? ಯೋಚಿಸಿ ನೋಡಿದೆ. ಕೋಲು ತಿರುಗದಿದ್ದರೆ ಪಾತ್ರೆ ತಿರುಗಬೇಕು. ಬೆಂದ ಹಿಟ್ಟಿನ ಪಾತ್ರೆಯನ್ನು ಗೋಣಿಚೀಲ ಸುತ್ತಿ ಒಳಗೆ ಹೊತ್ತು ತಂದು, ಓರೆಯಾಗಿ ನಿಂತಿದ್ದ ಕೋಲಿನ ತುದಿ ಪಾತ್ರೆಯೊಳಕ್ಕೆ ಹೋಗುವ ಹಾಗೆ ಮಗ್ಗುಲಾಗಿಸಿದೆವು. ಗಟ್ಟಿ ಹಿಟ್ಟು, ಚೆಲ್ಲಲಿಲ್ಲ. ಒಂದು ಕಡೆ ನಾನು, ಇನ್ನೊಂದು ಕಡೆ ದ್ಯಾವೀರ. ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಅವನು "ಅಯ್ಯಯ್ಯೋ ಸುಡ್ತದೆ" ಎಂದು ಕೈಬಿಟ್ಟ. ತಮಟೆ ಬಡಿಯುವ ಕೈ, ಅದೂ ನಿಜವೇ. ಪಾತ್ರೆ ಇನ್ನೇನು ಉರುಳಬೇಕು, ಯಾರೋ ಬಂದು ಗಬಕ್ಕನೆ ಹಿಡಿದರು. ಮಿರೇನಾ. ತನ್ನ ಕೋಟನ್ನೇ ಬಿಚ್ಚಿ ಪಾತ್ರೆಗೆ ಸುತ್ತಿದ್ದಳು.

ಇಬ್ಬರೂ ಮಂಡಿಯೂರಿ ತಿರುಗಿಸಿದೆವು. ಹತ್ತು ಸುತ್ತು, ಇಪ್ಪತ್ತು ಸುತ್ತು. ಕೋಲು ಕಲ್ಲಾಗಿಯೇ ನಿಂತಿತ್ತು. ಹಿಟ್ಟು ಆರುತ್ತ ಬಂತು. ಮಿರೇನಾಳ ಕಣ್ಣಿನಲ್ಲಿ ಗೆದ್ದೆ ಎಂಬ ಭಾವ ಇರಲಿಲ್ಲ. ಸುತ್ತ ನಿಂತವರು ಪಿಸುಗುಟ್ಟತೊಡಗಿದರು. ಮುಗಿಯಿತು, ಅಪ್ಪನ ಹೆಸರನ್ನು ನನ್ನ ಕೈಯಾರೆ ಹಾಳುಮಾಡಿದೆ ಅನ್ನಿಸಿ ಎದೆ ಒಡೆದುಹೋಯಿತು. "ಅಪ್ಪಾ, ಏನು ಮಾಡಿದ್ಯಪ್ಪಾ ನೀನು" ಎಂದುಬಿಟ್ಟೆ.

ಬೆವರು ಒರೆಸಿಕೊಳ್ಳಲು ತಲೆ ಎತ್ತಿದಾಗ ಹಿಟ್ಟಿನೊಳಗಿದ್ದ ಕೋಲಿನ ತುದಿಯ ಸವೆತ ನೆನಪಾಯಿತು. ಆಗ ಹೊಳೆಯಿತು ನೋಡಿ, ನನ್ನ ಬುದ್ಧಿಗಿಷ್ಟು! ನಾನು ನನ್ನ ಕೈ ರೂಢಿಯಲ್ಲಿ ಬಲಚರ ಹಾಗೆ ತೊಳಸುತ್ತಿದ್ದೆ. ಈ ಕೋಲು ಹುಟ್ಟಿದಾಗಿನಿಂದ ಹಾಗೆ ತಿರುಗಿದ್ದೇ ಇಲ್ಲ.

"ಆ ಕಡೆಗೆ! ಆ ಕಡೆಗೆ ತಿರುಗಿಸಮ್ಮಾ!" ಎಂದು ಕೂಗಿದೆ. ದ್ಯಾವೀರ ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಮಿರೇನಾ ನನ್ನ ಕೈ ನೋಡಿ ಅರ್ಥಮಾಡಿಕೊಂಡಳು. ಎದುರು ದಿಕ್ಕಿಗೆ ತಿರುಗಿಸಿದೆವು. ಮೂರನೆಯ ಸುತ್ತಿಗೆ ಕಲ್ಲು ಕಿರ್ ಎಂದಿತು. ಐದನೆಯ ಸುತ್ತಿಗೆ ಕೋಲು ಅಲುಗಿತು. ಎಂಟನೆಯ ಸುತ್ತಿಗೆ, ನಾನು ಸುಳ್ಳು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ, ಕೋಲು ತಾನಾಗಿ ಸಡಿಲವಾಗಿ ಪಾತ್ರೆಯೊಳಕ್ಕೆ ಒರಗಿತು. ಎತ್ತಿದೆ. ಕಡ್ಡಿಯ ಹಾಗೆ ಬಂತು. ಹಿಡಿಯ ಮೇಲೆ ಅವ್ವನ ತಾಮ್ರದ ತಂತಿ ಹಸಿರುಗಟ್ಟಿ ಕೂತಿತ್ತು, ಒಂದು ಸುತ್ತೂ ಬಿಚ್ಚಿರಲಿಲ್ಲ. ಅಷ್ಟು ಜನರ ಎದುರು ನಾನು ಗೊಳೋ ಎಂದು ಅತ್ತೆ.

ಮಿರೇನಾ ಎದ್ದು ಹೋಗಿ ಚೀಟಿಯನ್ನು ಹರಿದಳು. ಅವಳ ಅಪ್ಪನ ಕೈಬರಹ ಅದು. ಚೂರುಗಳನ್ನು ಬಿಸಾಡದೆ ಮುಷ್ಟಿಯಲ್ಲೇ ಹಿಡಿದುಕೊಂಡಳು, ಅದನ್ನೂ ನೋಡಿದೆ. ನನ್ನಪ್ಪ ಹಗುರಾಗಲು ಅವಳಪ್ಪನ ತಪ್ಪು ಬಯಲಾಗಬೇಕಾಯಿತು. ನಾನು ಖುಷಿಪಟ್ಟೆ, ಖುಷಿಪಟ್ಟದ್ದಕ್ಕೆ ಕೆಡುಕೂ ಎನ್ನಿಸಿತು.

ಹಿಟ್ಟನ್ನು ಹಾಳುಮಾಡುವುದುಂಟೇ? ಮತ್ತೊಮ್ಮೆ ಬಿಸಿ ಮಾಡಿ, ಅದೇ ಕೋಲಿನಿಂದ ತೊಳಸಿ, ಚಿಕ್ಕ ಚಿಕ್ಕ ಮುದ್ದೆ ಕಟ್ಟಿ ಎಲ್ಲರಿಗೂ ಬಡಿಸಿದೆ. ಅವರ ಪಾಡು ನೋಡಬೇಕಿತ್ತು. ಬೂಟಿನವನು ಮುದ್ದೆಯನ್ನು ಬ್ರೆಡ್ಡಿನ ಹಾಗೆ ಕಚ್ಚಿ ಅಗಿಯಲು ಹೋಗಿ ಹಲ್ಲಿಗೆ ಮೆತ್ತಿಸಿಕೊಂಡು ಮಾತೇ ಆಡಲಾರದವನಾದ. ಟೀಚರಮ್ಮ ಚಮಚ ಕೇಳಿದಳು. "ಅಗೀಬ್ಯಾಡ್ರೋ, ನುಂಗ್ರೋ" ಎಂದು ದ್ಯಾವೀರ ಓಡಾಡಿ ಹೇಳಿದರೂ ಒಬ್ಬರಿಗೂ ಬರಲಿಲ್ಲ. ನಾನು ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕೆ.

ಮಿರೇನಾ ತಟ್ಟೆ ಹಿಡಿದು ದೂರ ಒಂದು ಮೆಟ್ಟಿಲ ಮೇಲೆ ಕೂತಿದ್ದಳು. ಅವಳಿಗೂ ಹೇಳಿಕೊಡೋಣ ಎಂದು ಹೋದೆ. ಅವಳು ಆಗಲೇ ಒಂದು ತುತ್ತು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಹೆಬ್ಬೆಟ್ಟಿನಿಂದ ಗುಳಿ ಒತ್ತಿ, ಸಾರಿಗೆ ಅದ್ದಿ, ಗುಳುಕ್ಕನೆ ನುಂಗಿದಳು. ಅಗಿಯಲಿಲ್ಲ. ಇನ್ನೊಂದು ತುತ್ತು ಮುರಿದಳು. ಎಡಗೈಯಲ್ಲಿ.

"ಥೂ, ಬಲಗೈಲಿ ಉಣ್ಣಮ್ಮಾ" ಎಂದು ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ಬೀಗದ ಕೈ ಹಿಡಿಯುವುದು, ಚೀಟಿ ಹರಿಯುವುದು, ಎಲ್ಲವನ್ನೂ ಬಲಗೈಯಲ್ಲೇ ಮಾಡುವವಳು ಇವಳು.

ಅವಳು ತಲೆ ಎತ್ತಿದಳು. ಕೆನ್ನೆಯೆಲ್ಲ ಒದ್ದೆ. ಬಿಕ್ಕಿ ಬಿಕ್ಕಿ ಹೇಳಿದಳು, ದ್ಯಾವೀರ ಈ ಸಲ ಒಂದು ಮಾತನ್ನೂ ಬಿಡದೆ ಹೇಳಿದ. "ಯುದ್ಧದ ಕೊನೇ ಚಳಿಗಾಲ. ನಂಗೆ ಎಂಟು ವರ್ಷ. ನಾನೂ ತಮ್ಮನೂ ನೆಲಮಾಳಿಗೇಲಿ ಬಚ್ಚಿಟ್ಕೊಂಡಿದ್ವಿ. ಅಂಗೈ ಅಗಲದ ಕಿಟಕಿ. ದಿನಾ ಮಧ್ಯಾಹ್ನ ಅದರಾಗೆ ಒಂದು ಕೈ ಬರೋದು, ಇಂಥದೇ ಉಂಡೆ ಕೊಡೋದು. ಅಗಿದು ಉಗುಳಿಬಿಟ್ವಿ ಮೊದಲ್ನೇ ದಿನ. ಆವಾಗ ಆ ಕೈ ಮುರಿದು, ಒತ್ತಿ, ಅದ್ದಿ, ಹಿಂಗೆ ನುಂಗ್ಬೇಕು ಅಂತ ತೋರಿಸ್ತು. ಮಸಿ ಬಣ್ಣದ ಕೈ, ನಮ್ಮೂರಿನ ಇದ್ದಿಲು ಮಾರೋನದೇ ಅಂದ್ಕೊಂಡಿದ್ದೆ. ಯುದ್ಧ ಮುಗಿದ್ಮೇಲೆ ಅವನ ಹತ್ರ ಹೋಗಿ ಕೈ ಮುಗಿದಿದ್ದೆ. ಅವನು ಅಲ್ಲ ಅನ್ನಲೇ ಇಲ್ಲ. ನಂಗೆ ಆ ಮನುಷ್ಯನ ಮುಖ ಗೊತ್ತಿಲ್ಲ, ಕೈ ಮಾತ್ರ ಗೊತ್ತು."

"ನಂಗೂ ಅಷ್ಟೇ ಕಣಮ್ಮಾ" ಎಂದೆ. ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ. ಪಾತ್ರೆಯ ತಳದ ಸೀಕನ್ನು ಕೆರೆದು ಉಂಡೆ ಮಾಡಿ ಅವಳ ಎಡಗೈಯಲ್ಲಿ ಇಟ್ಟೆ.

ಹೊರಡುವಾಗ ಅವಳು ಕೋಲನ್ನು ಬಟ್ಟೆಯಲ್ಲಿ ಸುತ್ತಿ ನನಗೆ ತಂದುಕೊಟ್ಟಳು. ಅದಕ್ಕೆಂದೇ ನಾನು ಹೋಗಿದ್ದು, ಅವ್ವನಿಗೆ ಮನಸ್ಸಿನಲ್ಲೇ ಮಾತು ಕೊಟ್ಟು ಹೋಗಿದ್ದು. ಆದರೂ ಬಟ್ಟೆ ಬಿಚ್ಚಿದೆ. ಹಿಡಿಯ ಮೇಲಿನ ತಾಮ್ರದ ತಂತಿಯನ್ನು ಸುತ್ತು ಸುತ್ತಾಗಿ ಬಿಡಿಸಿ ಬಳೆಯ ಹಾಗೆ ಕೈಗೆ ಹಾಕಿಕೊಂಡೆ. ತಂತಿ ಅವ್ವನದು. ಕೋಲನ್ನು ಮಿರೇನಾಳ ಕೈಯಲ್ಲಿಟ್ಟು, ಉಳಿದ ಹಿಟ್ಟನ್ನೂ ಕೊಟ್ಟು, ಯಾವ ಕಡೆಗೆ ತಿರುಗಿಸಬೇಕೆಂದು ಇನ್ನೊಮ್ಮೆ ತೋರಿಸಿದೆ. ಹಿಟ್ಟು ಮುಗಿಯುವ ಹೊತ್ತಿಗೆ ಪಾರ್ಸಲ್ಲು ಹಾಕುತ್ತೇನೆ ಎಂದೆ. ಇವತ್ತಿಗೂ ಹಾಕುತ್ತೇನೆ.

ಆ ತಂತಿ ಈಗ ನನ್ನ ಹೋಟೆಲಿನ ಕೋಲಿನ ಹಿಡಿಯ ಮೇಲಿದೆ. ಮಧ್ಯಾಹ್ನ ಬಸ್ಸು ಬಂದು ನಿಂತು, ಜನ ನುಗ್ಗಿ, ಒಂದು ಮುದ್ದೆ, ಎರಡು ಮುದ್ದೆ ಎಂದು ಕೂಗುವಾಗಲೂ ನನ್ನ ಕಣ್ಣು ಎಲೆಗಳ ಸಾಲಿನ ಮೇಲೆ ಓಡುತ್ತದೆ. ಎಲ್ಲಾದರೂ ಒಬ್ಬ ಎಡಗೈಯಲ್ಲಿ ತುತ್ತು ಮುರಿಯುತ್ತಿರುತ್ತಾನೆ, ಪಕ್ಕದವರು ಮುಖ ಕಿವುಚುತ್ತಿರುತ್ತಾರೆ. ಆವತ್ತಿನ ಸೀಕು ಅವನ ಎಲೆಗೇ.